ಹೋಂಸ್ಟೇ: ದುಡಿಮೆ ಅಡುಗೆಮನೆಯದು, ಖಾತೆ ಯಾರದು?

ಮಲೆನಾಡಿನ ಎಷ್ಟೋ ಹೋಂಸ್ಟೇಗಳ ಲೆಕ್ಕಪುಸ್ತಕದಲ್ಲಿ ಗ್ಯಾಸು, ಡೀಸೆಲ್, ಬುಕಿಂಗ್ ಕಮಿಷನ್ ಎಲ್ಲ ಇರುತ್ತವೆ. ಮನೆಯಾಕೆಯ ದುಡಿಮೆ ಮಾತ್ರ ಇರುವುದಿಲ್ಲ. ಎಂಟು ಜನ ಬಂದರೆ ಬೆಳಗ್ಗೆ ಇಪ್ಪತ್ತೈದು ಅಕ್ಕಿರೊಟ್ಟಿ, ಬಚ್ಚಲೊಲೆಗೆ ಬೆಂಕಿ, ಹೊರಟ ಮೇಲೆ ರಾಶಿ ಹಾಸಿಗೆಬಟ್ಟೆ. ಆಷಾಢದ ಮಳೆಯಲ್ಲಿ ಅದು ಒಣಗುವುದೂ ಇಲ್ಲ.

ಒಂದು ವಾರ ಗಂಟೆಗಳನ್ನು ಬರೆದಿಡಿ. ದಿನಕ್ಕೆ ಆರು ಗಂಟೆ, ಗಂಟೆಗೆ 80 ರೂಪಾಯಿ ಹಿಡಿದರೆ 480. ಎಂಟು ಅತಿಥಿಗಳಿಗೆ ಹಂಚಿದರೆ ತಲೆಗೆ 60. ಇದನ್ನು ದರಕ್ಕೆ ಸೇರಿಸಿ, ಅವಳ ಸ್ವಂತ ಖಾತೆಗೇ ಹಾಕಿ. ಜಂಟಿ ಖಾತೆ ಸಾಲದು. ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಎಂಬುದೇ ಮುಖ್ಯ.

ಬುಕಿಂಗ್ ಫೋನ್ ಗಂಡನ ಕೈಯಲ್ಲಿ, ಅಡುಗೆ ಹೆಂಡತಿಯದು ಎಂದಾದಾಗ ಎಡವಟ್ಟು ಖಚಿತ. ಆರು ಜನಕ್ಕೆ ಸಾಮಾನಿದ್ದಾಗ ಆತ ಹನ್ನೆರಡಕ್ಕೆ ಒಪ್ಪಿಕೊಳ್ಳುತ್ತಾನೆ. ಹಿತ್ತಿಲ ಬಸಳೆ, ಕೆಸುವಿನ ಬದಲು ಪೇಟೆಯ ತರಕಾರಿ, ಪ್ಲಾಸ್ಟಿಕ್ ತಟ್ಟೆ ಬರುತ್ತವೆ. "ಇವತ್ತು ಸಾಕು" ಎನ್ನುವ ಅಧಿಕಾರ ಅಡುಗೆಯವಳಿಗಿರಲಿ. ಪರಿಸರಸ್ನೇಹಿ ಎಂಬ ಬೋರ್ಡಿಗಿಂತ ಅದು ಉಪಯುಕ್ತ.

ಕೇರಳದ ಕುಮರಕಂನಲ್ಲಿ 2008ರಲ್ಲಿ ಶುರುವಾದ 'ಜವಾಬ್ದಾರಿಯುತ ಪ್ರವಾಸೋದ್ಯಮ'ದಲ್ಲಿ (ಪ್ರವಾಸದ ಆದಾಯ ಊರಿನವರಿಗೂ ಸಿಗಬೇಕೆಂಬ ಯೋಜನೆ) ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯ ಮಹಿಳಾ ಗುಂಪುಗಳು ಹೋಟೆಲ್‌ಗಳಿಗೆ ತರಕಾರಿ ಬೆಳೆದುಕೊಟ್ಟವು. ದರಕ್ಕೂ ಗುಣಮಟ್ಟಕ್ಕೂ ಸಮಿತಿಗಳಿದ್ದವು. ನಮ್ಮ ಸ್ವಸಹಾಯ ಸಂಘಗಳು ಇದನ್ನು ಮಾಡುವುದಾದರೆ ಎರಡು ವಿಷಯ ಮೊದಲೇ ಬರೆಸಿಕೊಳ್ಳಬೇಕು: ವಾರಕ್ಕೆ ಎಷ್ಟು ಕಿಲೋ, ಹಣ ಎಷ್ಟು ದಿನದಲ್ಲಿ. ತಿಂಗಳುಗಟ್ಟಲೆ ಉದ್ರಿ ನಿಂತರೆ ಮುಂದಿನ ಬೀಜಕ್ಕೇ ಕಾಸಿರುವುದಿಲ್ಲ.