ಕಳಶಗಿತ್ತಿಯ ಮುಖಕ್ಕೊಂದು ಫೌಂಡೇಶನ್: ನಾಲ್ಕು ತಿಂಗಳ ಪ್ರಯೋಗದ ದಾಖಲೆ

ಫೆಬ್ರವರಿ 9

ಮೇ ತಿಂಗಳಲ್ಲಿ ಕುಮಟೆಯಲ್ಲಿ ತಮ್ಮನ ಮದುವೆ. ನಾನು ಕಳಶಗಿತ್ತಿ, ಎಂದರೆ ದಿಬ್ಬಣ ಇಳಿಯುವ ಹೊತ್ತಿನಿಂದ ಧಾರೆ ಮುಗಿಯುವವರೆಗೆ ಅವನ ಬೆನ್ನ ಹಿಂದೆಯೇ ನಿಂತಿರಬೇಕು, ಅವನ ಪ್ರತಿಯೊಂದು ಫೋಟೊದಲ್ಲಿಯೂ ನನ್ನ ಮುಖ ಇದ್ದೇ ಇರುತ್ತದೆ. ಹಿಂದಿನ ವರ್ಷ ಮೈದುನನ ಮದುವೆಯಲ್ಲಿ ಒಬ್ಬರು ಹಚ್ಚಿಕೊಟ್ಟ, ಮುಖದ ಬಣ್ಣ ಸಮವಾಗಿ ಕಾಣಲೆಂದು ಬಳಿಯುವ ಫೌಂಡೇಶನ್‌ನ ದೆಸೆಯಿಂದ, ಆಲ್ಬಮ್ಮಿನ ಉದ್ದಕ್ಕೂ ನನ್ನ ಮುಖ ವಿಭೂತಿ ಬಳಿದಂತೆ ಬೂದುಬಣ್ಣಕ್ಕೆ ತಿರುಗಿದೆ, ಕತ್ತು ಮಾತ್ರ ನನ್ನದೇ ಬಣ್ಣದಲ್ಲಿ ಉಳಿದಿದೆ. ಈ ಸಲ ನಾನೇ ಹಚ್ಚಿಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಅದಕ್ಕಾಗಿ ಪ್ರತಿ ಪ್ರಯೋಗವನ್ನೂ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಚರ್ಮದ ಸ್ಥಿತಿ. ಮೈಬಣ್ಣ ಎಣ್ಣೆಗೆಂಪು. ಹಣೆ ಮತ್ತು ಮೂಗು ಮಧ್ಯಾಹ್ನದ ಹೊತ್ತಿಗೆ ಜಿಡ್ಡಾಗುತ್ತವೆ. ಕೆನ್ನೆಗಳು ಮೈಸೂರಿನ ಚಳಿಗೆ ಇನ್ನೂ ಒಣಗಿಯೇ ಇವೆ. ಎರಡನೆಯ ಹೆರಿಗೆಯ ನಂತರ ಕೆನ್ನೆಯ ಎರಡೂ ಮೂಳೆಗಳ ಮೇಲೆ ಬಂಗು, ಎಂದರೆ ಕಂದು ಕಲೆ, ಕಾಣಿಸಿಕೊಂಡಿದೆ. ಹಣೆಯ ಅಂಚು ಮತ್ತು ಬಾಯಿಯ ಸುತ್ತಲಿನ ಭಾಗ ಮುಖದ ನಡುವಿನ ಭಾಗಕ್ಕಿಂತ ಗಾಢವಾಗಿವೆ. ಅಂಗಡಿಯಲ್ಲಿ ‘ನಿಮ್ಮ ಬಣ್ಣ ಯಾವುದು’ ಎಂದು ಕೇಳುವಾಗ ಒಂದು ಮುಖಕ್ಕೆ ಒಂದೇ ಬಣ್ಣವಿರುತ್ತದೆ ಎಂದು ಭಾವಿಸಿರುತ್ತಾರೆ. ಕನ್ನಡಿಯ ಮುಂದೆ ಎಣಿಸಿದರೆ ನನಗೆ ನಾಲ್ಕು ಸಿಕ್ಕವು.

ಫೆಬ್ರವರಿ 16

ಅಂಗಡಿಗೆ ಹೋಗಿದ್ದೆ. ನಾನು ಬಾಟಲಿ ಎತ್ತಿಕೊಳ್ಳುವ ಮೊದಲೇ ಕೌಂಟರಿನ ಹುಡುಗಿ ನನ್ನ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಚ್ಚಿ, “ಮೇಡಂ, ಒಂದು ಶೇಡ್ ಲೈಟ್ ತಗೊಳ್ಳಿ, ಬ್ರೈಟಾಗಿ ಕಾಣ್ತೀರ” ಎಂದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಅವಳಿಗೆ ಹಾಗೆಂದೇ ಕಲಿಸಿದ್ದಾರೆ. ಆದರೆ ಬಿಸಿಲು ಕಾಣದ ಮಣಿಕಟ್ಟಿನ ಒಳಬದಿ ನನ್ನ ಮುಖಕ್ಕಿಂತ ಎರಡು ಛಾಯೆಯಷ್ಟು ತಿಳಿಯಾಗಿದೆ. ಅಲ್ಲಿ ಹೊಂದಿದ ಬಣ್ಣಕ್ಕಿಂತಲೂ ಒಂದು ಮೆಟ್ಟಿಲು ತಿಳಿಯಾದದ್ದನ್ನು ಕೊಂಡರೆ ಮುಖಕ್ಕೆ ಮೂರು ಮೆಟ್ಟಿಲು ತಪ್ಪುತ್ತದೆ.

ಅಲ್ಲಿದ್ದ ಒಂದು ಸಾಲಿನಲ್ಲಿ ತಿಳಿ ಬಣ್ಣದ ಬಾಟಲಿಗಳು ಆರು, ಗಾಢವಾದವು ಎರಡು. 2017ರಲ್ಲಿ ಫೆಂಟಿ ಬ್ಯೂಟಿ ಎಂಬ ಕಂಪನಿ ಒಂದೇ ಸಲಕ್ಕೆ 40 ಛಾಯೆಗಳನ್ನು ಬಿಡುಗಡೆ ಮಾಡಿದ ಮೇಲೆ ಹಲವು ದೊಡ್ಡ ಕಂಪನಿಗಳು ತಮ್ಮ ಪಟ್ಟಿಯನ್ನು ಉದ್ದ ಮಾಡಿಕೊಂಡವು, ನಿಜ. ಆ ಉದ್ದದ ಪಟ್ಟಿ ನಮ್ಮ ಅಂಗಡಿಯ ಕಪಾಟಿನವರೆಗೆ ಬರುವಷ್ಟರಲ್ಲಿ ಮತ್ತೆ ಗಿಡ್ಡವಾಗುತ್ತದೆ. ಶೇಡ್‌ಗಳ ಹೆಸರಂತೂ ಇನ್ನೊಂದು ಗೊಂದಲ. ಮ್ಯಾಕ್ ಕಂಪನಿಯ ಬಾಟಲಿಯ ಮೇಲೆ ಎನ್‌ಸಿ ಎಂದಿದ್ದರೆ ಅದು ಹಳದಿ ಒಳಛಾಯೆ (ಮೈಬಣ್ಣದ ಒಳಗಿನಿಂದ ಹೊಮ್ಮುವ ಛಾಯೆ) ಇರುವವರಿಗೆ, ಎನ್‌ಡಬ್ಲ್ಯು ಎಂದಿದ್ದರೆ ಗುಲಾಬಿ ಒಳಛಾಯೆಯವರಿಗೆ. ಡಬ್ಲ್ಯು ಎಂದರೆ ವಾರ್ಮ್, ಹಾಗಾಗಿ ಹಳದಿ ಎಂದುಕೊಂಡು ಕೊಂಡವರು ಮೋಸಹೋಗುತ್ತಾರೆ. ನಮ್ಮ ಹಿರಿಯರು ಎಣ್ಣೆಗೆಂಪು, ಸಾದಗಪ್ಪು, ಗೋಧಿಬಣ್ಣ ಎನ್ನುವಾಗ ಬಣ್ಣ ಎಷ್ಟು ಗಾಢ ಎಂಬುದರ ಜೊತೆಗೆ ಒಳಗಿನಿಂದ ಯಾವ ಛಾಯೆ ಹೊಮ್ಮುತ್ತದೆ ಎಂಬುದನ್ನೂ ಒಂದೇ ಪದದಲ್ಲಿ ಹೇಳಿಬಿಡುತ್ತಿದ್ದರು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಕೊನೆಗೆ ಒಂದೇ ಕಂಪನಿಯ, ಒಂದೇ ಬಗೆಯ ಎರಡು ಬಾಟಲಿಗಳನ್ನು ತಂದೆ: ಒಂದು ನನಗಿಂತ ತುಸು ತಿಳಿ, ಇನ್ನೊಂದು ತುಸು ಗಾಢ. ಬೇರೆ ಬೇರೆ ಬಗೆಯವನ್ನು ಬೆರೆಸಿದರೆ ಒಂದು ನೀರಿನ ಆಧಾರದ್ದು, ಇನ್ನೊಂದು ಸಿಲಿಕೋನಿನದು ಆಗಿ, ಒಡೆದ ಹಾಲಿನಂತೆ ಬೇರ್ಪಡುವ ಸಂಭವವಿದೆ. ಮನೆಗೆ ಬಂದೊಡನೆ ಎರಡರಿಂದಲೂ ಒಂದೊಂದು ಚುಕ್ಕೆ ತೆಗೆದು ಕಿವಿಯ ಹಿಂದೆ ಹಚ್ಚಿ ಎರಡು ದಿನ ಕಾದೆ. ತುರಿಕೆ ಬರಲಿಲ್ಲ.

ಮಾರ್ಚ್ 2

ದವಡೆಯ ಅಂಚಿನಿಂದ ಕತ್ತಿನವರೆಗೆ ಮೂರು ಗೆರೆ ಎಳೆದೆ: ತಿಳಿ ಬಣ್ಣದ್ದು, ಗಾಢವಾದದ್ದು, ಎರಡನ್ನೂ ಸಮ ಬೆರೆಸಿದ್ದು. ಬಚ್ಚಲಮನೆಯ ಟ್ಯೂಬ್‌ಲೈಟಿನಲ್ಲಿ ತಿಳಿ ಬಣ್ಣದ ಗೆರೆಯೇ ಚೆನ್ನಾಗಿ ಕಂಡಿತು. ಹಿತ್ತಲಿಗೆ ಹೋಗಿ, ನೇರ ಬಿಸಿಲಿಲ್ಲದ ಹಗಲ ಬೆಳಕಿನಲ್ಲಿ ಕೈಗನ್ನಡಿ ಹಿಡಿದರೆ ಅದು ಸುಣ್ಣದ ಗೆರೆಯಂತಿತ್ತು. ಸಮ ಬೆರೆಸಿದ ಗೆರೆ ಎಲ್ಲಿ ಕೊನೆಗೊಂಡಿತು ಎಂದು ಹುಡುಕಬೇಕಾಯಿತು.

ಬೂದುಬಣ್ಣಕ್ಕೆ ಕಾರಣ ಸರಳ. ಫೌಂಡೇಶನ್ನಿನ ಬಣ್ಣ ಮುಖ್ಯವಾಗಿ ನಾಲ್ಕು ಪುಡಿಗಳಿಂದ ಬರುತ್ತದೆ: ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಮತ್ತು ಕಬ್ಬಿಣದ ಹಳದಿ, ಕೆಂಪು, ಕಪ್ಪು ಆಕ್ಸೈಡ್‌ಗಳು. ಛಾಯೆ ತಿಳಿಯಾದಷ್ಟೂ ಬಿಳಿ ಪುಡಿಯ ಪಾಲು ಹೆಚ್ಚು, ಹಾಗೂ ಆ ಬಿಳಿ ತೆಳುವಾಗಿ ಕಂದು ಚರ್ಮದ ಮೇಲೆ ಕುಳಿತಾಗ ಕಣ್ಣಿಗೆ ಬೂದಿಯಾಗಿಯೇ ಕಾಣುತ್ತದೆ.

ಅರ್ಧ ಗಂಟೆಯ ನಂತರ ಮತ್ತೆ ನೋಡಿದರೆ ಮೂರೂ ಗೆರೆಗಳು ಸ್ವಲ್ಪ ಗಾಢವಾಗಿದ್ದವು. ಇದನ್ನು ‘ಆಕ್ಸಿಡೈಸ್ ಆಗುವುದು’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಕೆಂಪು, ಹಳದಿ ಪುಡಿಗಳು ರಾಸಾಯನಿಕವಾಗಿ ಆಗಲೇ ತುಕ್ಕು ಹಿಡಿದ ಕಬ್ಬಿಣ, ಇನ್ನು ಮುಂದೆ ಹಿಡಿಯಲು ತುಕ್ಕೇ ಉಳಿದಿಲ್ಲ. ದ್ರವದಲ್ಲಿದ್ದ ನೀರು ಮತ್ತು ಹಗುರ ಸಿಲಿಕೋನ್ ಆರಿಹೋಗಿ, ಉಳಿದ ಪುಡಿ ಮುಖದ ಜಿಡ್ಡಿನಲ್ಲಿ ನೆನೆಯುವುದರಿಂದ, ಒದ್ದೆಯಾದ ಕೆಮ್ಮಣ್ಣಿನಂತೆ ಬಣ್ಣ ಗಾಢವಾಗುತ್ತದೆ. ಕಾರಣ ಏನೇ ಇರಲಿ, ಅಂಗಡಿಯಲ್ಲಿ ಹಚ್ಚಿಸಿಕೊಂಡು, ಪೇಟೆ ಸುತ್ತಿ, ಅರ್ಧ ಗಂಟೆಯ ಮೇಲೆ ಹೊರಗಿನ ಬೆಳಕಿನಲ್ಲಿ ನೋಡಿಯೇ ಕೊಳ್ಳಬೇಕು.

ಮಾರ್ಚ್ 9

ಬಂಗನ್ನು ಚರ್ಮರೋಗ ತಜ್ಞರಿಗೆ ತೋರಿಸಿದೆ. ಮುಖ ನೋಡುವ ಮೊದಲು ಅವರು ಕೇಳಿದ್ದು, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಯಾವ ಕ್ರೀಮು ತಂದು ಹಚ್ಚಿದ್ದೀರಿ ಎಂದು. ಬೆಳ್ಳಗಾಗಲು ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿ ಚರ್ಮ ತೆಳುವಾದವರು ವಾರಕ್ಕೆ ಹಲವರು ಬರುತ್ತಾರಂತೆ. ಕಡತದಲ್ಲಿ ‘ಟೈಪ್ 5’ ಎಂದು ಬರೆದರು. ಅದು ಅಮೆರಿಕದ ಚರ್ಮತಜ್ಞ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದರ ಮೇಲೆ ರೂಪಿಸಿದ ಅಳತೆ. ಮೊದಲು ಬಿಳಿಯರ ಚರ್ಮಕ್ಕಷ್ಟೇ ಇದ್ದುದಕ್ಕೆ ಐದು, ಆರನೆಯ ಬಗೆಗಳನ್ನು ಆಮೇಲೆ ಸೇರಿಸಲಾಯಿತು. ಶೇಡ್ ಆರಿಸಲು ಅದರಿಂದ ಉಪಯೋಗವಿಲ್ಲ. ಉಪಯೋಗವಾದ ಮಾತು ಇನ್ನೊಂದು: ನಮ್ಮಂಥ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ, ಅದನ್ನು ತಡೆಯುವುದು ಬಣ್ಣವಿರುವ ಸನ್‌ಸ್ಕ್ರೀನಿನಲ್ಲಿರುವ ಕಬ್ಬಿಣದ ಆಕ್ಸೈಡ್. ಆದ್ದರಿಂದ ಫೌಂಡೇಶನ್ನಿನ ಕೆಳಗೆ ಇನ್ನು ಅದೇ.

ಮಾರ್ಚ್ 30, ಯುಗಾದಿ

ತವರಿನಲ್ಲಿದ್ದೇನೆ, ಮದುವೆಯ ಊರಿನಲ್ಲಿಯೇ ಮೊದಲ ಪರೀಕ್ಷೆ. ಫಲಿತಾಂಶ ಹೀನಾಯ. ಬೆಳಿಗ್ಗೆ ಅಮ್ಮ ತಲೆಗೂ ಮೈಗೂ ಎಣ್ಣೆ ಹಚ್ಚಿ ಅಭ್ಯಂಜನ ಮಾಡಿಸಿದ್ದರು. ಸೀಗೆಕಾಯಿಗೆ ಹೋಗದೆ ಉಳಿದ ಎಣ್ಣೆಯ ಮೇಲೆ, ಕುಮಟೆಯ ಆ ಸೆಕೆಯಲ್ಲಿ, ಮೈಸೂರಿನಲ್ಲಿ ಆರು ಗಂಟೆ ನಿಲ್ಲುತ್ತಿದ್ದ ಫೌಂಡೇಶನ್ ಒಬ್ಬಟ್ಟಿನ ಊಟದ ಹೊತ್ತಿಗೆ ಮೂಗಿನ ಪಕ್ಕದಲ್ಲಿ ಗೆರೆಗೆರೆಯಾಗಿ ಜಾರಿತ್ತು. ಬೆವರಿಗಿಂತ ದೊಡ್ಡ ತಪ್ಪು ನನ್ನದೇ: ಕೆಳಗೆ ನೀರಿನಂಥ ಜೆಲ್ ಹಚ್ಚಿ, ಅದು ಆರುವ ಮೊದಲೇ ಫೌಂಡೇಶನ್ನಿಗೆ ತಳಪದರವಾದ ಸಿಲಿಕೋನಿನ ಪ್ರೈಮರ್ ಹಚ್ಚಿದ್ದೆ. ಸ್ಪಂಜು ಮುಟ್ಟಿಸಿದಲ್ಲೆಲ್ಲ ರಬ್ಬರಿನಿಂದ ಅಳಿಸಿದಾಗ ಬರುವಂಥ ಪುಡಿ ಉರುಳಿ ಬಂತು.

ಇನ್ನೊಂದನ್ನೂ ಗಮನಿಸಿದೆ. ಬಿಸಿಲು ಏರಿದಂತೆ ನಾನೂ ಕಪ್ಪಾಗಿದ್ದೇನೆ; ಮಾರ್ಚ್ ಮೊದಲ ವಾರದ ಸಮಪಾಲು ಈಗ ತಿಳಿಯಾಗಿ ಕಾಣುತ್ತದೆ. ಗಾಢವಾದದ್ದು ಎರಡು ಪಾಲು, ತಿಳಿ ಬಣ್ಣದ್ದು ಒಂದು ಪಾಲು ಈಗ ಬೇಕು.

ಏಪ್ರಿಲ್ 13

ಹಚ್ಚುವ ಕ್ರಮ ಈಗ ಹೀಗೆ ನಿಂತಿದೆ. ಮುಖ ತೊಳೆದು, ಹಗುರವಾದ ಮಾಯಿಶ್ಚರೈಸರ್ ಕೆನ್ನೆಗಳಿಗೆ ಮಾತ್ರ. ಐದು ನಿಮಿಷ ಬಿಟ್ಟು ಬಣ್ಣದ ಸನ್‌ಸ್ಕ್ರೀನ್, ಅದಕ್ಕೆ ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಸೀರೆ ಉಡುತ್ತೇನೆ. ಪ್ರೈಮರ್ ಮೂಗು ಮತ್ತು ಹಣೆಗೆ ಕಡಲೆಕಾಳಿನಷ್ಟು, ಬೇರೆಲ್ಲಿಯೂ ಇಲ್ಲ. ಬೆರೆಸಿದ ಫೌಂಡೇಶನ್ನನ್ನು ಅಂಗೈಯ ಹಿಂಬದಿಯಲ್ಲಿಟ್ಟುಕೊಂಡು, ಮೂಗಿನ ಪಕ್ಕದಿಂದ ಆರಂಭಿಸಿ ಹೊರಗೆ ಸಾಗುತ್ತೇನೆ. ನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿದ ಸ್ಪಂಜಿನಿಂದ ಒತ್ತುತ್ತೇನೆಯೇ ಹೊರತು ಉಜ್ಜುವುದಿಲ್ಲ. ಉಜ್ಜಿದರೆ ಕೆಳಗಿನ ಸನ್‌ಸ್ಕ್ರೀನ್ ಕಿತ್ತು ಬರುತ್ತದೆ. ದವಡೆ ಮತ್ತು ಹಣೆಯ ಅಂಚಿಗೆ ಬರುವಾಗ ಸ್ಪಂಜಿನಲ್ಲಿ ಉಳಿದದ್ದಷ್ಟೇ ಸಾಕು. ಗಾಢವಾದ ಹಣೆಯಂಚಿಗೆ ಮುಖದ ನಡುವಿನ ಬಣ್ಣವನ್ನು ಪೂರ್ತಿ ಬಳಿದಾಗಲೇ ಮುಖ ಮುಖವಾಡವಾಗುವುದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಬಂಗು ಮುಚ್ಚಲು ಮೊದಲು ಇಡೀ ಮುಖಕ್ಕೆ ಎರಡನೆಯ ಪದರ ಹಚ್ಚುತ್ತಿದ್ದೆ. ಈಗ ಸಣ್ಣ ಬ್ರಷ್‌ನಿಂದ ಕಲೆಗಷ್ಟೇ ಕನ್ಸೀಲರ್ ಎಂಬ ಕಲೆ ಮುಚ್ಚುವ ಕ್ರೀಮು. ಕಣ್ಣಿನ ಕೆಳಗಿನ ನೀಲಿಗಪ್ಪಿಗೆ ಮೊದಲು ಆ ನೀಲಿಯನ್ನು ಮರೆಸುವ ಕಿತ್ತಳೆ ಬಣ್ಣದ ಕರೆಕ್ಟರ್, ಅಕ್ಕಿಕಾಳಿನಷ್ಟು. ಒಂದು ದಿನ ಹುಮ್ಮಸ್ಸಿನಿಂದ ಬಟಾಣಿಯಷ್ಟು ತೆಗೆದುಕೊಂಡಿದ್ದೆ. ಜಿಲೇಬಿ ಒರೆಸಿಕೊಂಡಂತಿದೆ ಎಂದು ಮಗಳು ಹೇಳಿದಳು.

ಏಪ್ರಿಲ್ 27

ಯಾವ ಮೇಕಪ್ ವಿಡಿಯೋದಲ್ಲಿಯೂ ಕಾಣದ ಸಮಸ್ಯೆಯೊಂದಿದೆ: ಮದುವೆಯ ಹಿಂದಿನ ದಿನ ಅರಿಶಿನ ಶಾಸ್ತ್ರ. ವರನಿಗೆ ಹಚ್ಚಿದ ಮೇಲೆ ಉಳಿದದ್ದು ಅಕ್ಕತಂಗಿಯರ ಮುಖಕ್ಕೇ ಬರುತ್ತದೆ. ಆದ್ದರಿಂದ ನಿನ್ನೆ ಸಂಜೆ ಬೇಕೆಂದೇ ಮುಖಕ್ಕೂ ಕತ್ತಿಗೂ ಅರಿಶಿನ ಹಚ್ಚಿಕೊಂಡು ಒಂದು ಗಂಟೆ ಕುಳಿತೆ.

ಎಡಗೆನ್ನೆಯನ್ನು ಸಾಬೂನಿನಿಂದ ತೊಳೆದೆ. ನೊರೆ ತಗುಲಿದೊಡನೆ ಅರಿಶಿನ ಕೆಂಪಾಯಿತು. ಸುಣ್ಣ ಕದಡಿ ಆರತಿಯ ಕೆಂಪು ನೀರು ಮಾಡುವಾಗ ನಡೆಯುವುದೂ ಇದೇ, ಕ್ಷಾರ ಮುಟ್ಟಿದರೆ ಅರಿಶಿನ ಕೆಂಪಾಗುತ್ತದೆ. ತೊಳೆದ ಮೇಲೆ ಕೆಂಪು ಹೋಯಿತು, ಹಳದಿ ಉಳಿಯಿತು. ಬಲಗೆನ್ನೆಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಹತ್ತಿಯಿಂದ ಒರೆಸಿ, ನಂತರ ಕಡಲೆಹಿಟ್ಟು ಹಾಕಿದೆ. ಅರಿಶಿನದ ಬಣ್ಣ ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ; ಬಲಗೆನ್ನೆಯ ಹಳದಿ ಮುಕ್ಕಾಲು ಪಾಲು ಹತ್ತಿಗೆ ಬಂತು. ಬೆಳಿಗ್ಗೆ ಫೌಂಡೇಶನ್ ಹಚ್ಚಿದಾಗ ಬಲಗೆನ್ನೆ ಎಂದಿನಂತಿತ್ತು. ನನ್ನ ದೊಡ್ಡ ಚಿಂತೆ ಮುಖದ್ದಾಗಿರಲೇ ಇಲ್ಲ, ಕತ್ತಿನದಾಗಿತ್ತು: ಫೌಂಡೇಶನ್ ಇಲ್ಲದ ಕತ್ತು ಹಳದಿಯಾಗಿಯೇ ಉಳಿದರೆ ಎಷ್ಟು ಸರಿಯಾದ ಶೇಡ್ ಆದರೂ ತಪ್ಪಾಗಿ ಕಾಣುತ್ತದೆ. ಎಣ್ಣೆಯ ಉಪಚಾರ ಕತ್ತಿಗೂ ಆಗಬೇಕು.

ಮೇ 4

ಫ್ಲ್ಯಾಶ್ ಪರೀಕ್ಷೆ. ಕೋಣೆ ಕತ್ತಲು ಮಾಡಿ ಮೊಬೈಲ್ ಫ್ಲ್ಯಾಶ್‌ನಲ್ಲಿ ಫೋಟೊ ತೆಗೆಸಿದೆ. ಕಣ್ಣಿನ ಕೆಳಗೆ ಎರಡು ಬಿಳಿ ಅರ್ಧಚಂದ್ರಗಳು. ಅಪರಾಧಿ ಫೌಂಡೇಶನ್ ಅಲ್ಲ, ಮೇಲೆ ಉದುರಿಸಿದ ಸಿಲಿಕಾ ಪುಡಿ. ಕಣ್ಣಿಗೆ ಕಾಣದಷ್ಟು ನಯವಾದ ಅದು ಫ್ಲ್ಯಾಶ್‌ನ ಬೆಳಕನ್ನು ನೇರವಾಗಿ ಹಿಂದಕ್ಕೆ ಎಸೆಯುತ್ತದೆ. ಅದನ್ನು ಬಿಟ್ಟು ನನ್ನ ಬಣ್ಣದ್ದೇ ಕಾಂಪ್ಯಾಕ್ಟ್ ಪುಡಿಯನ್ನು ಮೂಗು, ಹಣೆಗಳಿಗೆ ಮಾತ್ರ ಒತ್ತಿದಾಗ ಫೋಟೊ ಸರಿಯಾಯಿತು.

ಮೇ 18

ಮದುವೆ ಮುಗಿಯಿತು. ಬೆಳಗಿನ ಐದು ಗಂಟೆಗೆ ಛತ್ರದ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟು, ಏಳು ಜನರಿಗೆ ಒಂದು ಕನ್ನಡಿ. ಪ್ರಮಾಣ ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಆ ಬೆಳಕನ್ನು ನಂಬುವ ಅಗತ್ಯ ಬೀಳಲಿಲ್ಲ. ಹೋಮದ ಹೊಗೆಗೆ ಕಣ್ಣೀರು ಬಂದು ಎಡಗಣ್ಣಿನ ಕೆಳಗೆ ಸ್ವಲ್ಪ ಹೋಯಿತು. ಬೆವರನ್ನು ಸೆರಗಿನಿಂದ ಒರೆಸದೆ ಟಿಶ್ಯೂ ಒತ್ತಿಕೊಂಡದ್ದರಿಂದ ಉಳಿದದ್ದು ಎರಡನೆಯ ಪಂಕ್ತಿಯ ಊಟದವರೆಗೂ ನಿಂತಿತು. ಫೋಟೊಗಳಲ್ಲಿ ಮುಖ ಮತ್ತು ಕತ್ತು ಒಂದೇ ಹೆಂಗಸಿನವು. ಬಂಗು ಹತ್ತಿರದಿಂದ ತೆಗೆದ ಎರಡು ಚಿತ್ರಗಳಲ್ಲಿ ಕಾಣುತ್ತದೆ. ಅದನ್ನು ಪೂರ್ತಿ ಮುಚ್ಚಲು ಬೇಕಾಗುವಷ್ಟು ದಪ್ಪ ಪದರ ಕುಮಟೆಯ ಮೇ ತಿಂಗಳಲ್ಲಿ ನಿಲ್ಲುತ್ತಿರಲಿಲ್ಲ.

ಹೊಸ ಮದುಮಗಳು ನನ್ನ ಪ್ರಮಾಣ ಕೇಳಿದಳು. ಅವಳದು ಗೋಧಿಬಣ್ಣ, ನನ್ನ ಎರಡಕ್ಕೆ ಒಂದು ಅವಳಿಗೆ ಸಲ್ಲದು. ಎರಡೂ ಬಾಟಲಿಗಳನ್ನು ಕೊಟ್ಟು ದವಡೆಯ ಮೇಲೆ ಮೂರು ಗೆರೆ ಎಳೆದುಕೊಳ್ಳಲು ಹೇಳಿ ಅಂಗಳಕ್ಕೆ ಕಳಿಸಿದೆ.