‘ನಾನು ಕರೆಯಲಿಲ್ಲ, ಹೋಗಿ ಮಲಗಿಕೋ’

ದೈವಕರೆ ಅಂದರೆ ಗುರು (ಕ್ಯಾಥೊಲಿಕ್ ಪಾದ್ರಿ) ಆಗಲು ದೇವರು ಕರೆಯುವುದು. ಆ ವಿಭಾಗದಲ್ಲಿ ಕೆಲಸ ಮಾಡುವ ಗುರುಗಳನ್ನು ಜೂನ್ ತಿಂಗಳಲ್ಲಿ ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಈ ವರ್ಷ ಎಷ್ಟು ಹುಡುಗರು ಫಾದರ್?’ ಹುಡುಗರನ್ನು ಗುರುಗಳಾಗಿ ತಯಾರು ಮಾಡುವ ಗುರುಮಠದ ಮುಖ್ಯಸ್ಥರು, ಅಂದರೆ ರೆಕ್ಟರ್, ಕೇಳುತ್ತಾರೆ. ಸುತ್ತಲಿನ ಚರ್ಚುಗಳ ಗುರುಗಳು ಸೇರುವ ಡೀನರಿ ಮೀಟಿಂಗಿನಲ್ಲಿ ಕೇಳುತ್ತಾರೆ. ಹಬ್ಬದ ಊಟಕ್ಕೆ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ವರ್ಷದ ವರದಿಯಲ್ಲೂ ಅದೇ. ದೈವಕರೆ ಶಿಬಿರ ಎಷ್ಟು, ಬಂದವರು ಎಷ್ಟು, ಗುರುಮಠ ಸೇರಿದವರು ಎಷ್ಟು. ಚೆನ್ನಾಗಿ ಯೋಚನೆ ಮಾಡಿ, ಪ್ರಾರ್ಥಿಸಿ, ‘ಇದು ನನ್ನ ದಾರಿ ಅಲ್ಲ’ ಅಂತ ಮನೆಗೆ ಹೋದವರಿಗೆ ಅದರಲ್ಲಿ ಜಾಗವೇ ಇಲ್ಲ. ಆ ಕಾಲಂ ಬೇಕು ಅಂತ ನಾನು ಪ್ರತಿ ಸಲ ಕೇಳುತ್ತೇನೆ. ಯಾಕೆ ಅನ್ನುವುದಕ್ಕೆ ಒಬ್ಬ ಹುಡುಗನ ವಿಷಯ ಹೇಳಬೇಕು. ಅವನ ಹೆಸರು, ಊರು ಇಲ್ಲಿ ಬೇಡ.

ಆಗ ನಾನು ಒಂದು ಸಣ್ಣ ಧರ್ಮಕೇಂದ್ರದ, ಅಂದರೆ ಒಂದು ಚರ್ಚು ಮತ್ತು ಅದರ ಭಕ್ತರ, ಹೊಣೆ ಹೊತ್ತ ವಿಚಾರಣಾ ಗುರು. ದೈವಕರೆಯ ಕೆಲಸವೂ ಜೊತೆಗೇ ಇತ್ತು. ಈ ಹುಡುಗ ಪೂಜೆಯಲ್ಲಿ ಗುರುವಿಗೆ ನೆರವಾಗುವ ಪೀಠಬಾಲಕ. ಸಂಜೆ ಸ್ಕೂಲು ಬಿಟ್ಟರೆ ನೇರ ಚರ್ಚಿಗೆ ಬರುತ್ತಿದ್ದ. ಅವನಿಗೆ ಕೀಬೋರ್ಡ್ ಕಲಿಸಿದವನು ನಾನೇ. ಧರ್ಮಕೇಂದ್ರಕ್ಕೆ ಸೇರಿದ ಸಣ್ಣ ಚರ್ಚಿನ (ಸಬ್‌ಸ್ಟೇಷನ್) ಪೂಜೆಗೆ ಬೈಕಿನ ಹಿಂದೆ ಅವನೇ ಕೂರುತ್ತಿದ್ದ, ಪೂಜೆಯ ಬ್ಯಾಗು ಅವನ ಹೆಗಲಿಗೆ. ತಂದೆ ಇರಲಿಲ್ಲ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ದೃಢೀಕರಣ ಸಂಸ್ಕಾರಕ್ಕೆ ತಯಾರಾಗುವ ಕ್ಲಾಸಿನಲ್ಲಿ ಒಮ್ಮೆ ‘ನಾನು ನಿಮ್ಮ ಥರ ಆಗಬೇಕು ಫಾದರ್’ ಅಂದ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಮಾತಿನಲ್ಲಿದ್ದ ‘ನಿಮ್ಮ ಥರ’ ಅನ್ನುವುದು ಕಿವಿಗೆ ಬೀಳಲೇ ಇಲ್ಲ.

ಈಸ್ಟರ್‌ನಿಂದ ಶುರುವಾಗುವ ಪಾಸ್ಕ ಕಾಲದ ನಾಲ್ಕನೇ ಭಾನುವಾರ, ಒಳ್ಳೆಯ ಕುರುಬನ ಭಾನುವಾರ. ಆರನೇ ಪೌಲ್ ಜಗದ್ಗುರುಗಳು (ಪೋಪ್) 1964ರಲ್ಲಿ ದೈವಕರೆಗಾಗಿ ಪ್ರಾರ್ಥಿಸುವ ದಿನವನ್ನು ಶುರು ಮಾಡಿದರು. ಇಂದಿಗೂ ಅದು ಈ ಭಾನುವಾರವೇ ನಡೆಯುತ್ತದೆ. ಆ ದಿನ ನಾನು ಪ್ರಬೋಧನೆ ಮಾಡಿದೆ, ಮಾತು ಎಲ್ಲರಿಗೂ ಇದ್ದರೂ ಕಣ್ಣು ಅವನ ಮೇಲೇ ಇತ್ತು. ಪೂಜೆ ಮುಗಿದ ಮೇಲೆ ಹೆಂಗಸರು ಅವನ ಗಲ್ಲ ಹಿಡಿದು ‘ನಮ್ಮ ಪುಟ್ಟ ಫಾದರ್’ ಅಂದರು. ಮಾತೆಯರ ಸಂಘದವರು ದುಡ್ಡು ಸೇರಿಸಿ ಸೂಟ್‌ಕೇಸ್ ತಂದರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಚೆನ್ನಾಗಿ ಬಂತು. ಶಿಬಿರಕ್ಕೂ ಬಂದ. ಶಿಫಾರಸು ಪತ್ರ ಬರೆಯಬೇಕಾದ ವಿಚಾರಣಾ ಗುರು ನಾನೇ, ಅದನ್ನು ಓದಬೇಕಾದವನೂ ನಾನೇ. ಎಲ್ಲವೂ ಸಲೀಸಾಗಿ ಕೂಡಿ ಬರುತ್ತಿತ್ತು. ಹೀಗೆ ಕೂಡಿ ಬರುವುದೇ ದೇವರ ಗುರುತು ಅಂತ ನಾನು ನಂಬಿದ್ದೆ.

ಇಂಟರ್‌ವ್ಯೂಗೆ ನಾಲ್ವರು ಕೂತಿದ್ದೆವು. ರೆಕ್ಟರ್, ಕೌನ್ಸೆಲಿಂಗ್ ಮಾಡುವ ಒಬ್ಬ ಸಿಸ್ಟರ್, ವಯಸ್ಸಾದ ಒಬ್ಬ ಆತ್ಮಿಕ ನಿರ್ದೇಶಕರು, ನಾನು. ಯಾಕೆ ಗುರು ಆಗಬೇಕು, ಮನೆಯಲ್ಲಿ ಪ್ರಾರ್ಥನೆ ಹೇಗೆ, ತಾಯಿಗೆ ಯಾರು ಆಸರೆ. ಅವನು ಚೆನ್ನಾಗಿಯೇ ಉತ್ತರ ಕೊಟ್ಟ. ಅರ್ಧ ಉತ್ತರಗಳು ನನ್ನವೇ, ಬೈಕಿನಲ್ಲಿ ಹೋಗುವಾಗ ನಾನು ಆಡಿದ ಮಾತುಗಳು. ಆಗ ಆತ್ಮಿಕ ನಿರ್ದೇಶಕರು ಕನ್ನಡಕ ತೆಗೆದು ಕೇಳಿದರು. ‘ಮುಂದಿನ ತಿಂಗಳು ಈ ಫಾದರ್‌ಗೆ ದೂರದ ಊರಿಗೆ ಟ್ರಾನ್ಸ್‌ಫರ್ ಆಯ್ತು ಅಂದ್ಕೋ. ಹೊಸ ಫಾದರ್ ನಿನ್ನನ್ನ ಅಷ್ಟಾಗಿ ಮಾತಾಡ್ಸಲ್ಲ. ಆಗಲೂ ಗುರುಮಠಕ್ಕೆ ಬರ್ತೀಯಾ ಮಗ?’

ಹುಡುಗ ನನ್ನ ಕಡೆ ನೋಡಿದ. ಉತ್ತರ ಬರಲಿಲ್ಲ. ‘ಬರ್ತೀನಿ’ ಅನ್ನುವುದಕ್ಕೆ ಇಷ್ಟು ಹೊತ್ತು ಯಾಕೆ ಅಂತ ನನಗೆ ಒಳಗೊಳಗೇ ಕಸಿವಿಸಿ. ರೆಕ್ಟರ್ ಎದುರು ನನ್ನ ಹುಡುಗ ತಡವರಿಸುತ್ತಿದ್ದಾನೆ ಅನ್ನುವ ಸಂಕಟ ಅದು. ಅವನ ಸಂಕಟ ಏನು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ. ‘ಹೇಳೋ, ಅವತ್ತು ನೀನೇ ಹೇಳಿದ್ದೆಯಲ್ಲ...’ ಅಂತ ಶುರು ಮಾಡಿದೆ. ನಿರ್ದೇಶಕರು ನನ್ನ ಕಡೆ ತಿರುಗದೆ ಕೈ ಎತ್ತಿ ತಡೆದರು. ಮತ್ತೆ ಮೌನ. ಕೊನೆಗೆ ಹುಡುಗ ಅವರನ್ನೇ ಕೇಳಿದ: ‘ನಮ್ಮ ಫಾದರ್ ಹೋಗ್ಬಿಡ್ತಾರಾ?’

ಕೇಳಿ ಅತ್ತುಬಿಟ್ಟ. ಸಿಸ್ಟರ್ ಎದ್ದು ಹೋಗಿ ಅವನ ಪಕ್ಕ ಕೂತರು. ಅವನಿಗೆ ಬೇಕಿದ್ದದ್ದು ಗುರುಮಠ ಅಲ್ಲ. ಸಂಜೆ ಹೋದರೆ ಬಾಗಿಲು ತೆರೆದಿರುವ ಒಂದು ಮನೆ, ಅಲ್ಲಿ ತಂದೆಯಂಥ ಒಬ್ಬರು. ಅದು ಸಣ್ಣ ಬಯಕೆ ಅಲ್ಲ, ತಪ್ಪೂ ಅಲ್ಲ. ಆದರೆ ಅದು ದೈವಕರೆಯೇ ಅಂತ ನಾನು ಅವನ ಪರವಾಗಿ ತೀರ್ಮಾನ ಮಾಡಿಬಿಟ್ಟಿದ್ದೆ. ನಿರ್ದೇಶಕರು ಅವನಿಗೆ ಹೇಳಿದ್ದು ಇಷ್ಟೇ: ‘ಮನೆಗೆ ಹೋಗು, ಮುಂದಕ್ಕೆ ಓದು. ಕರೆಯೋನು ದೇವರೇ ಆದ್ರೆ ಮತ್ತೆ ಕರೀತಾನೆ, ಅವನಿಗೆ ನಿನ್ನ ಮನೆ ಗೊತ್ತು.’

ಹೊರಗೆ ತಾಯಿ ಕಾಯುತ್ತಿದ್ದರು. ‘ಏನು ತಪ್ಪು ಮಾಡ್ದ ಫಾದರ್?’ ಅಂದರು. ಊರಿಗೆ ಬಂದರೆ ಅಲ್ಲಿ ಇನ್ನೂ ಕಷ್ಟ. ಇಂಟರ್‌ವ್ಯೂನಲ್ಲಿ ಫೇಲ್ ಆದನಂತೆ ಅಂತ ಮಾತು ಹಬ್ಬಿತ್ತು. ಹುಡುಗ ಕೆಲವು ಭಾನುವಾರ ಪೀಠಕ್ಕೆ ಬರಲಿಲ್ಲ. ನನ್ನನ್ನು ಈಗಲೂ ಚುಚ್ಚುವುದು ಅದೇ. ‘ಇಲ್ಲ’ ಅನ್ನುವ ಉತ್ತರಕ್ಕೂ ಗೌರವ ಇದೆ ಅಂತ ನಾವು ಆ ಧರ್ಮಕೇಂದ್ರಕ್ಕೆ ಯಾವತ್ತೂ ಕಲಿಸಿರಲಿಲ್ಲ. ಸೂಟ್‌ಕೇಸ್ ಕೊಟ್ಟ ಮೇಲೆ ಅವನು ಹಿಂದಿರುಗುವುದು ಹೇಗೆ?

ಬಾಲಕ ಸಮುವೇಲನನ್ನು ದೇವರು ರಾತ್ರಿ ಕರೆದ ಬೈಬಲ್ ಕಥೆಯನ್ನು ಶಿಬಿರಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಯಾವಾಗಲೂ ಹುಡುಗನ ಕಡೆಯಿಂದಲೇ ಹೇಳುತ್ತಿದ್ದೆ. ಆಮೇಲೆ ಏಲಿಯ ಕಡೆಯಿಂದ ಓದಿದೆ. ಏಲಿ ವಯಸ್ಸಾದ ಯಾಜಕ, ಕಣ್ಣು ಮಂಜಾಗಿದೆ. ಹುಡುಗ ರಾತ್ರಿ ಓಡಿಬಂದು ‘ಕರೆದಿರಲ್ಲ, ಇಗೋ ಬಂದೆ’ ಅನ್ನುತ್ತಾನೆ. ಏಲಿ ‘ನಾನು ಕರೆಯಲಿಲ್ಲ, ಹೋಗಿ ಮಲಗಿಕೋ’ ಅನ್ನುತ್ತಾನೆ. ಎರಡು ಸಲ ಹಾಗೇ ಕಳಿಸುತ್ತಾನೆ. ಮೂರನೇ ಸಲ, ಕರೆಯುತ್ತಿರುವುದು ಪ್ರಭು ಅಂತ ಅವನಿಗೆ ಹೊಳೆಯುತ್ತದೆ. ಆಗಲೂ ತಾನು ನಡುವೆ ನಿಲ್ಲುವುದಿಲ್ಲ. ಏನು ಉತ್ತರ ಕೊಡಬೇಕು ಅಂತ ಹೇಳಿಕೊಟ್ಟು ಮತ್ತೆ ಮಲಗಲು ಕಳಿಸುತ್ತಾನೆ. ನಾನು ಏಲಿಯ ಜಾಗದಲ್ಲಿದ್ದರೆ ಮೊದಲನೇ ಸಲವೇ ‘ಬಾ ಮಗ, ಕೂತ್ಕೋ’ ಅಂದಿರುತ್ತಿದ್ದೆ.

ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ಕಾನೂನು ಈ ವಿಷಯದಲ್ಲಿ ನಮಗಿಂತ ಜಾಸ್ತಿ ಎಚ್ಚರವಾಗಿದೆ. ದೀಕ್ಷೆ ಪಡೆಯುವವನಿಗೆ ಸ್ವಾತಂತ್ರ್ಯ ಇರಲೇಬೇಕು, ಯಾವ ಕಾರಣಕ್ಕೂ ಯಾವ ರೀತಿಯಲ್ಲೂ ಒತ್ತಾಯ ಕೂಡದು ಅನ್ನುತ್ತದೆ 1026ನೇ ನಿಯಮ. ಸ್ವಇಚ್ಛೆಯಿಂದ ಬರುತ್ತಿದ್ದೇನೆ ಅಂತ ಸ್ವಂತ ಕೈಬರಹದಲ್ಲೇ ಬರೆದು ಸಹಿ ಹಾಕಬೇಕು ಅನ್ನುತ್ತದೆ 1036. ಗುರುದೀಕ್ಷೆಗೆ ಕನಿಷ್ಠ 25 ವರ್ಷ. ಹದಿನಾರರ ಹುಡುಗನಿಗೆ ಒಂಬತ್ತು ವರ್ಷಕ್ಕೆ ಕಡಿಮೆಯಿಲ್ಲದ ಸಮಯ ಇದೆ. ಅವಸರ ಇರುವುದು ನಮ್ಮ ವರದಿಗೆ ಮಾತ್ರ.

ಈಗ ಕೆಲವು ವಿಷಯ ಬದಲಾಯಿಸಿಕೊಂಡಿದ್ದೇನೆ. ನನಗೆ ಹತ್ತಿರದ ಹುಡುಗರ ಇಂಟರ್‌ವ್ಯೂನಲ್ಲಿ ನಾನು ಕೂರುವುದಿಲ್ಲ. ಶಿಬಿರದ ಕೊನೆಯ ರಾತ್ರಿ ಮೇಣದಬತ್ತಿ ಹಿಡಿಸಿ ‘ಯಾರು ಸಿದ್ಧ? ಎದ್ದು ನಿಲ್ಲಿ’ ಅನ್ನುವುದನ್ನು ಬಿಟ್ಟಿದ್ದೇನೆ. ಆ ಹೊತ್ತಿಗೆ ಎಲ್ಲರೂ ನಿಲ್ಲುತ್ತಾರೆ. ಮನೆಗೆ ಹೋಗಿ, ಹೊಲ, ಕ್ರಿಕೆಟ್ಟು, ಮೊಬೈಲ್ ಎಲ್ಲದರ ನಡುವೆ ಕೆಲವು ವಾರ ಕಳೆದ ಮೇಲೆ ಬರೆಯಲು ಹೇಳುತ್ತೇನೆ. ಇದನ್ನು ಕಲಿತದ್ದು ಯೇಸು ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಅವರಿಂದ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಮಲಗಿದ್ದಾಗ ಅವರು ಒಂದು ವಿಷಯ ಗಮನಿಸಿದರು. ಯುದ್ಧ, ಕೀರ್ತಿಯ ಕನಸು ಕಾಣುವಾಗ ಖುಷಿ ಇರುತ್ತಿತ್ತು, ಆಮೇಲೆ ಮನಸ್ಸು ಒಣಗುತ್ತಿತ್ತು. ಸಂತರ ಹಾಗೆ ಬದುಕುವ ಯೋಚನೆ ಮಾಡಿದರೆ ಆ ಸಂತೋಷ ಆಮೇಲೂ ಉಳಿಯುತ್ತಿತ್ತು. ಹಾಗಾಗಿ ಆ ಕ್ಷಣದ ಬಿಸಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾರಗಳು ಕಳೆದ ಮೇಲೂ ಏನು ಉಳಿದಿದೆ ಅಂತ ಕೇಳುತ್ತೇನೆ. ಮನಸ್ಸು ಕುಗ್ಗಿದಾಗ ಹಿಂದಿನ ತೀರ್ಮಾನ ಬದಲಾಯಿಸಬೇಡ ಅನ್ನುವುದೂ ಅವರದೇ ನಿಯಮ. ಪರೀಕ್ಷೆ ಫೇಲಾದ ವಾರ ಗುರುಮಠ ಬಿಡುತ್ತೇನೆ ಎಂದು ಬರುವ ಹುಡುಗರಿಗೆ ಅದನ್ನೇ ಹೇಳುತ್ತೇನೆ.

ಧರ್ಮಕೇಂದ್ರದ ಕೆಲಸ ನೋಡುವ ಪಾಲನಾ ಸಮಿತಿಯಲ್ಲೂ ಕಾದು ಕೇಳಿಸಿಕೊಳ್ಳುವ ಈ ಅಭ್ಯಾಸ ತಂದಿದ್ದೇನೆ. 2021ರಿಂದ 2024ರವರೆಗೆ ಧರ್ಮಸಭೆಯ ಎಲ್ಲರ ಮಾತು ಕೇಳಲು ನಡೆದ ಸಿನೊಡ್ ಪಯಣದಲ್ಲಿ ಬಳಸಿದ ಕ್ರಮ ಅದು. ಮೊದಲು ಪ್ರತಿಯೊಬ್ಬರೂ ಮಾತಾಡಬೇಕು, ಮಧ್ಯೆ ಬಾಯಿ ಹಾಕುವಂತಿಲ್ಲ. ಸ್ವಲ್ಪ ಮೌನ. ಎರಡನೇ ಸುತ್ತಿನಲ್ಲಿ ಬೇರೆಯವರು ಹೇಳಿದ್ದರಲ್ಲಿ ಮನಸ್ಸಿಗೆ ತಟ್ಟಿದ್ದನ್ನು ಹೇಳಬೇಕು. ತೀರ್ಮಾನ ಆಮೇಲೆ. ಲೆಕ್ಕಪತ್ರ ನೋಡುವವರಿಗೆ ಆ ಮೌನ ಕಿರಿಕಿರಿ, ಸಮಯ ಹಾಳು ಅನ್ನುತ್ತಾರೆ. ಆದರೆ ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಕೊಂಡೊಯ್ಯಲು ನಮ್ಮಲ್ಲಿ ಒಬ್ಬ ನಿವೃತ್ತ ನರ್ಸ್ ಮುಂದೆ ಬಂದದ್ದು ಅಂಥ ಒಂದು ಸುತ್ತಿನಲ್ಲಿ. ಅದಕ್ಕೆ ಮುಂಚೆ ಅವರು ಮೀಟಿಂಗಿನಲ್ಲಿ ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ. ಅದೂ ಕರೆಯೇ. ನನ್ನ ವರದಿಯಲ್ಲಿ ಅದಕ್ಕೂ ಕಾಲಂ ಇಲ್ಲ.

ಆ ಹುಡುಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ನನಗೆ ನಿಜವಾಗಿಯೂ ಟ್ರಾನ್ಸ್‌ಫರ್ ಆಯಿತು. ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾನೆ. ದೈವಕರೆಯ ಬಗ್ಗೆ ನಾನಾಗಿ ಕೇಳುವುದಿಲ್ಲ. ಅವನೇ ಎತ್ತಿದರೆ ಕೇಳಿಸಿಕೊಳ್ಳುತ್ತೇನೆ.

ವಿಚಾರಣಾ ಗುರುಗಳಲ್ಲಿ, ಪಾಲನಾ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟು. ಈ ಸಲದ ಶಿಬಿರಕ್ಕೆ ಹುಡುಗರನ್ನು ಕಳಿಸುವ ಮುಂಚೆ ಹಾರ ಹಾಕಬೇಡಿ, ಪೂಜೆಯಲ್ಲಿ ಹೆಸರು ಓದಬೇಡಿ, ಸೂಟ್‌ಕೇಸ್ ಕೊಡಬೇಡಿ. ಶಿಫಾರಸು ಪತ್ರ ಬರೆಯುವ ಮುಂಚೆ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಬೇಡ ಅಂತ ವಾಪಸ್ ಬಂದವನನ್ನು ಮುಂದಿನ ಭಾನುವಾರವೇ ಪೂಜೆಯಲ್ಲಿ ಬೈಬಲ್ ವಾಚನಕ್ಕೆ ನಿಲ್ಲಿಸಿ.