ಮೂರನೇ ಟ್ಯೂಬು ಕೊಟ್ಟ ದಿನ

ಕಾಸರಗೋಡಿನ ಪೆರ್ಲ ಕಡೆಯ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ಪೈಲ್ಸ್ ಮುಲಾಮು ಬೇಕಾದವರು ಇಲ್ಲಿ ಬೇರೆ ಗಿರಾಕಿಗಳು ಹೋಗುವ ತನಕ ಕಾಯುತ್ತಾರೆ. ಆ ದಿನ ಬಂದ ಅಡಿಕೆ ಕೃಷಿಕರೊಬ್ಬರೂ ಕಾದರು. ಖಾಲಿ ಟ್ಯೂಬನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಬಿಡಿಸಿ ತೋರಿಸಿ, "ಇದೇ ಇನ್ನೊಂದು ಕೊಡಿ" ಎಂದರು. ಎರಡು ತಿಂಗಳಲ್ಲಿ ಅದು ಮೂರನೆಯದು. "ಉಷ್ಣಕ್ಕೆ ರಕ್ತ ಹೋಗುವುದು, ಪುನರ್ಪುಳಿ ಸಾರು ಕುಡೀತಾ ಇದ್ದೇನೆ" ಎಂದರು. ಅಂಗಿ ಹೆಗಲಿನಿಂದ ಜೋತುಬಿದ್ದದ್ದು ಕಣ್ಣಿಗೆ ಬಿದ್ದಿತ್ತು. ನಾನು ಏನೂ ಕೇಳದೆ ಟ್ಯೂಬು ಕೊಟ್ಟೆ.

ಮುಂದೆ ಮಂಗಳೂರಿನಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ) ಮಾಡಿದಾಗ ಗುದನಾಳದಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಮಲದಲ್ಲಿ ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಮೂಲವ್ಯಾಧಿಯೋ ಗುದದ್ವಾರದ ಬಿರುಕೋ ಇರುತ್ತದೆ, ಕ್ಯಾನ್ಸರ್ ಅಲ್ಲ. ಆದರೆ ಕೌಂಟರಿನ ಈಚೆ ನಿಂತು ಅದನ್ನು ಹೇಳಲು ಯಾರಿಂದಲೂ ಆಗದು. ಮೂಲವ್ಯಾಧಿ ಇದ್ದವರಿಗೇ ಅದರ ಮೇಲ್ಗಡೆ ಗಡ್ಡೆಯೂ ಇರಬಹುದು. ಡಾಕ್ಟರು ಗ್ಲೌಸ್ ಹಾಕಿ ಬೆರಳಿನಿಂದ ನೋಡಿದರೆ ಗುದನಾಳದ ಕೆಳಭಾಗದ ಗಡ್ಡೆ ಎಷ್ಟೋ ಸಲ ಕೈಗೇ ಸಿಗುತ್ತದೆ. ದೊಡ್ಡ ಕರುಳಿನ ಬಲಭಾಗದ್ದು ಇನ್ನೂ ಮೋಸ: ಎಷ್ಟೋ ಸಲ ರಕ್ತ ಕಣ್ಣಿಗೆ ಕಾಣುವುದಿಲ್ಲ, ಬರೀ ಸುಸ್ತು, ರಕ್ತಹೀನತೆ. ಅಂಥವರು ನಮ್ಮಲ್ಲಿಗೆ ಬರುವುದು ಐರನ್ ಮಾತ್ರೆಗೆ. ಅದು ತಿಂದರೆ ಮಲ ಹೇಗೂ ಕಪ್ಪಾಗುತ್ತದೆ, ಇದ್ದೊಂದು ಸುಳಿವೂ ಮುಚ್ಚಿಹೋಗುತ್ತದೆ. ಹೆಚ್ಚಿನ ಕರುಳ ಕ್ಯಾನ್ಸರ್ ಪಾಲಿಪ್ ಎಂಬ ಸಣ್ಣ ಬೆಳವಣಿಗೆಯಿಂದ ಶುರುವಾಗಿ, ಕ್ಯಾನ್ಸರ್ ಆಗಲು ಸುಮಾರು 10 ವರ್ಷ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಸಿಕ್ಕಿದರೆ ಕೊಲೊನೋಸ್ಕೋಪಿಯಲ್ಲೇ ತೆಗೆದುಬಿಡಬಹುದು. ಅಷ್ಟು ಕಾಲಾವಕಾಶ ಕೊಡುವ ರೋಗವನ್ನು ನಾವು ನಾಚಿಕೆಯಲ್ಲಿ ಬಿಟ್ಟುಕೊಡುತ್ತೇವಲ್ಲ!

ಅವರ ಮಗ ಫೋನು ಹಿಡಿದುಕೊಂಡು ಬಂದ. ಲಕ್ಷ್ಮಣಫಲದ ಎಲೆಯ ಕಷಾಯ ಕಿಮೋಗಿಂತ ಮೇಲಂತೆ, ಪರೀಕ್ಷೆಗೆಂದು ಗಡ್ಡೆಯ ಚೂರು ತೆಗೆಯುವ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದಂತೆ. ಬರೆದವರು ಯಾರು, ಯಾವಾಗ ಬರೆದದ್ದು, ಯಾವ ಹಂತದ ಕ್ಯಾನ್ಸರಿಗೆ ಎಂದು ಹುಡುಕು ಎಂದೆ. ಅವೊಂದೂ ಇರಲಿಲ್ಲ, ಕೊನೆಯಲ್ಲಿ ಪುಡಿ ತರಿಸಲು ಫೋನ್ ನಂಬರ್ ಇತ್ತು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಮುಂಬಯಿಯ ಟಾಟಾ ಮೆಮೋರಿಯಲ್‌ನಂಥವರು ಹೇಳುವುದನ್ನು ಮಾತ್ರ ಓದು ಎಂದೆ. ಆಮೇಲೆ ಡಾಕ್ಟರಲ್ಲಿ ಕೇಳಬೇಕಾದ್ದನ್ನು ಇಬ್ಬರೂ ಕೂತು ಕನ್ನಡದಲ್ಲಿ ಬರೆದೆವು: ಎಷ್ಟನೇ ಹಂತ, ಲಿಂಫ್ ಗ್ರಂಥಿಗೆ ಹೋಗಿದೆಯೇ, ಆಪರೇಷನ್ನಿಗೆ ಮೊದಲು ರೇಡಿಯೇಶನ್ ಬೇಕೇ. ಕೊನೆಗೆ ಅವನದೇ ಪ್ರಶ್ನೆಯೊಂದನ್ನು ಸೇರಿಸಿದೆ: ಅಪ್ಪನಿಗೆ ಬಂದಿರುವುದರಿಂದ ನಾನು ಯಾವ ವಯಸ್ಸಿನಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು?

ಈಗ ಮುಲಾಮು ಕೇಳಿದವರನ್ನು ಬದಿಗೆ ಕರೆದು ಎಷ್ಟು ದಿನವಾಯಿತು, ತೂಕ ಇಳಿದಿದೆಯೇ, ಮಲ ಹೋಗುವ ಅಭ್ಯಾಸ ಬದಲಾಗಿದೆಯೇ ಎಂದು ಕೇಳುತ್ತೇನೆ. ನಮ್ಮ ಹಿರಿಯರು ಮಲಯಾಳ ಮಾತ್ರ ಗೊತ್ತಿರುವ ಡಾಕ್ಟರ ಎದುರು "ವಯರು ವೇದನ" ಎಂದಷ್ಟೇ ಹೇಳಿ ಎದ್ದು ಬರುತ್ತಾರೆ. ಹಾಗಾಗಿ ಎಲ್ಲವನ್ನೂ ಮಲಯಾಳದಲ್ಲಿ ಚೀಟಿ ಬರೆದು ಕಿಸೆಗೆ ಹಾಕಿ ಕಳಿಸುತ್ತೇನೆ. ರಕ್ತ ಎಂಬ ಶಬ್ದದ ಕೆಳಗೆ ಎರಡು ಗೆರೆ ಎಳೆದಿರುತ್ತೇನೆ.